ಹವಾಗುಣ ಒಪ್ಪಂದಗಳೂ ನಮ್ಮ ಭತ್ತದ ಗದ್ದೆಯೂ

ಹವಾಗುಣ ಬದಲಾವಣೆಯನ್ನು ಕುರಿತು ರಾಷ್ಟ್ರಗಳ ನಡುವೆ ನಡೆಯುವ ಮಾತುಕತೆ ನಮ್ಮ ರೈತರಿಗೆ ಬಲು ದೂರದ ವಿಷಯವೆಂದು ತೋರುವುದು ಸಹಜ. ರಿಯೋ, ಕ್ಯೋಟೊ, ಪ್ಯಾರಿಸ್, ಗ್ಲಾಸ್ಗೊ ಮೊದಲಾದ ಊರುಗಳಲ್ಲಿ ಸೇರುವ ಸಭೆಗಳಿಗೂ ಮಂಡ್ಯ, ಗಂಗಾವತಿಗಳ ಗದ್ದೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಭಾರತ ಸರ್ಕಾರ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಸಭೆಗಳಲ್ಲಿ ಬಿಟ್ಟುಕೊಡದೆ ಹಿಡಿದಿರುವ ಒಂದು ಮಾತಿದೆ. ಸಣ್ಣ ರೈತನ ಭತ್ತದ ಗದ್ದೆಯನ್ನೂ ಕೊಟ್ಟಿಗೆಯ ದನವನ್ನೂ ಕಾರ್ಖಾನೆಯ ಹೊಗೆಕೊಳವೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದೇ ಆ ಮಾತು. ಈ ನಿಲುವು ಹೇಗೆ ಬಂತು, ಇದರಿಂದ ರೈತನಿಗೆ ಯಾವ ರಕ್ಷಣೆ ದೊರೆತಿದೆ, ಯಾವುದು ದೊರೆತಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗದ್ದೆಯಿಂದ ಹೊರಡುವ ಅನಿಲ

ಭೂಮಿಯ ಶಾಖವನ್ನು ಹಿಡಿದಿಡುವ ಅನಿಲಗಳಲ್ಲಿ ಮುಖ್ಯವಾದದ್ದು ಇಂಗಾಲದ ಡೈ ಆಕ್ಸೈಡ್. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳನ್ನು ಸುಟ್ಟಾಗ ಇದು ಹೊರಬರುತ್ತದೆ. ಬೇಸಾಯಕ್ಕೆ ಸಂಬಂಧಿಸಿದವು ಇನ್ನೆರಡು: ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸೇರುವುದಿಲ್ಲ. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಹುಲ್ಲು, ಕೂಳೆ, ಹಸಿರು ಗೊಬ್ಬರಗಳನ್ನು ಕೊಳೆಸಿ ಮೀಥೇನ್ ಉತ್ಪಾದಿಸುತ್ತವೆ. ಈ ಅನಿಲದ ಹೆಚ್ಚಿನ ಪಾಲು ಹೊರಬರುವುದು ಭತ್ತದ ಪೈರಿನ ಟೊಳ್ಳು ಕಾಂಡದ ಮೂಲಕವೇ. ಮೆಲುಕು ಹಾಕುವ ದನ, ಎಮ್ಮೆ, ಕುರಿ, ಆಡುಗಳ ಮೊದಲನೆಯ ಹೊಟ್ಟೆಯಲ್ಲಿಯೂ ಇದೇ ಬಗೆಯ ಕ್ರಿಯೆ ನಡೆದು ಮೀಥೇನ್ ತೇಗಿನ ರೂಪದಲ್ಲಿ ಹೊರಬೀಳುತ್ತದೆ. ನೈಟ್ರಸ್ ಆಕ್ಸೈಡ್ ಮುಖ್ಯವಾಗಿ ಯೂರಿಯಾ ಮುಂತಾದ ಸಾರಜನಕ ಗೊಬ್ಬರಗಳಿಂದ ಉಂಟಾಗುತ್ತದೆ.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಅಂದಾಜು ಮಾಡಿತು. ಅದರ ಪ್ರಕಾರ ಭಾರತದ ಭತ್ತದ ಗದ್ದೆಗಳಿಂದಲೇ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಬೀಳುತ್ತಿತ್ತು. ಇದು ನಮ್ಮ ಗದ್ದೆಗಳಲ್ಲಿ ಅಳೆದ ಲೆಕ್ಕವಲ್ಲ. ಹೊರದೇಶಗಳ ಗದ್ದೆಗಳಲ್ಲಿ ದೊರೆತ ಅಳತೆಯನ್ನು ನಮ್ಮ ವಿಸ್ತೀರ್ಣಕ್ಕೆ ಗುಣಿಸಿ ಪಡೆದದ್ದು. ಅಂತರರಾಷ್ಟ್ರೀಯ ಒಪ್ಪಂದದ ಕರಡು ಸಿದ್ಧವಾಗುತ್ತಿದ್ದ ಹೊತ್ತು ಅದು. ಈ ಅಂಕಿ ಹಾಗೆಯೇ ಒಪ್ಪಿತವಾಗಿದ್ದರೆ ಭೂಮಿ ಬಿಸಿಯಾಗಲು ಭಾರತದ ರೈತನೇ ದೊಡ್ಡ ಕಾರಣ ಎಂದಾಗುತ್ತಿತ್ತು.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಡಾ. ಎ. ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ಇದನ್ನು ಪರೀಕ್ಷಿಸಲು ಹೊರಟರು. 1991ರಲ್ಲಿ ದೇಶದ ಬೇರೆ ಬೇರೆ ಭತ್ತದ ಪ್ರದೇಶಗಳಲ್ಲಿ ಅಳತೆ ಕಾರ್ಯ ನಡೆಯಿತು. ವಿಧಾನ ಸರಳವಾದದ್ದೇ. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಯನ್ನು ಬೋರಲು ಹಾಕಿ, ಗೊತ್ತಾದ ಸಮಯಕ್ಕೊಮ್ಮೆ ಒಳಗಿನ ಗಾಳಿಯನ್ನು ಸಿರಿಂಜಿನಿಂದ ಎಳೆದು, ಪ್ರಯೋಗಾಲಯದಲ್ಲಿ ಮೀಥೇನ್ ಎಷ್ಟಿದೆಯೆಂದು ನೋಡುವುದು. ಒಟ್ಟು ಲೆಕ್ಕ ಹಾಕಿದಾಗ ಭಾರತದ ಗದ್ದೆಗಳಿಂದ ವರ್ಷಕ್ಕೆ ಹೊರಬೀಳುವ ಮೀಥೇನ್ ಸುಮಾರು 40 ಲಕ್ಷ ಟನ್ ಎಂದು ಕಂಡುಬಂದಿತು. ಅಂದರೆ ಅಮೆರಿಕದ ಅಂದಾಜಿನ ಒಂಬತ್ತನೆಯ ಒಂದು ಭಾಗ.

ಇಷ್ಟು ವ್ಯತ್ಯಾಸ ಏಕೆ ಬಂತೆಂದು ರೈತರಿಗೆ ಹೇಳಬೇಕಾಗಿಲ್ಲ. ನಮ್ಮ ಭತ್ತದ ಪ್ರದೇಶದ ದೊಡ್ಡ ಭಾಗ ಮಳೆಯಾಶ್ರಿತ. ಅಲ್ಲಿ ನೀರು ನಿಲ್ಲುತ್ತದೆ, ಆರುತ್ತದೆ, ಮತ್ತೆ ಮಳೆ ಬಂದಾಗ ನಿಲ್ಲುತ್ತದೆ. ಗದ್ದೆ ಆರಿದಾಗಲೆಲ್ಲ ಮಣ್ಣಿಗೆ ಗಾಳಿ ಸೇರಿ ಮೀಥೇನ್ ಉತ್ಪತ್ತಿ ನಿಂತುಹೋಗುತ್ತದೆ. ನಮ್ಮ ಮಣ್ಣಿನಲ್ಲಿ ಸಾವಯವ ಅಂಶವೂ ಕಡಿಮೆ. ಹುಲ್ಲನ್ನು ಗದ್ದೆಯಲ್ಲಿ ಕೊಳೆಯಲು ಬಿಡುವುದಕ್ಕಿಂತ ದನಕ್ಕೆ ಹಾಕುವುದೇ ನಮ್ಮಲ್ಲಿ ಹೆಚ್ಚು ರೂಢಿ.

ಅದೇ 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಸ್ತಿಕೆ ಪ್ರಕಟಿಸಿದರು. ಹೊಟ್ಟೆಪಾಡಿಗಾಗಿ ಹೊರಬೀಳುವ ಅನಿಲವೂ ವಿಲಾಸಕ್ಕಾಗಿ ಹೊರಬೀಳುವ ಅನಿಲವೂ ಒಂದೇ ಅಲ್ಲ ಎಂಬುದು ಅವರ ವಾದ. ಅಳತೆ ಮತ್ತು ವಾದ ಎರಡೂ ಒಟ್ಟಿಗೆ ಸೇರಿದ್ದರಿಂದ ಭಾರತದ ಮಾತಿಗೆ ತೂಕ ಬಂತು. ಬರಿಯ ವಾದವಿದ್ದು ಅಳತೆ ಇಲ್ಲದಿದ್ದರೆ ಅದನ್ನು ಯಾರೂ ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಒಪ್ಪಂದದಿಂದ ಒಪ್ಪಂದಕ್ಕೆ

1992ರಲ್ಲಿ ರಿಯೋ ಸಮ್ಮೇಳನದಲ್ಲಿ ಭಾರತ ಹವಾಗುಣ ಒಡಂಬಡಿಕೆಗೆ ಸಹಿ ಹಾಕಿತು. ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಸಮನಲ್ಲ ಎಂಬ ತತ್ವ ಅದರಲ್ಲಿ ಸೇರಿತು. 1997ರ ಕ್ಯೋಟೊ ಒಪ್ಪಂದದಲ್ಲಿ ಅನಿಲ ಕಡಿತದ ಕಟ್ಟುಪಾಡು ಮುಂದುವರಿದ ದೇಶಗಳಿಗೆ ಮಾತ್ರ ಇತ್ತು, ಭಾರತಕ್ಕೆ ಇರಲಿಲ್ಲ. 2007ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು ಭಾರತದ ತಲಾ ಅನಿಲ ಪ್ರಮಾಣ ಮುಂದುವರಿದ ದೇಶಗಳ ತಲಾ ಪ್ರಮಾಣವನ್ನು ಎಂದೂ ಮೀರುವುದಿಲ್ಲವೆಂದು ಮಾತು ಕೊಟ್ಟರು.

ಆದರೆ ಚೀನಾ, ಭಾರತಗಳ ಕೈಗಾರಿಕೆ ಬೆಳೆದಂತೆ ಒತ್ತಡವೂ ಬೆಳೆಯಿತು. 2009ರ ಕೋಪನ್‌ಹೇಗನ್ ಸಭೆಗೆ ಮೊದಲು, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಅವರು ಪರಿಸರ ಸಚಿವರಾಗಿದ್ದಾಗ, ಭಾರತ ಮೊದಲ ಬಾರಿಗೆ ಅಂಕಿಯಲ್ಲಿ ಒಂದು ಗುರಿ ಹೇಳಿತು. ಒಂದು ರೂಪಾಯಿ ಉತ್ಪತ್ತಿಗೆ ಎಷ್ಟು ಅನಿಲ ಹೊರಬೀಳುತ್ತದೆ ಎಂಬ ಪ್ರಮಾಣವನ್ನು 2005ಕ್ಕೆ ಹೋಲಿಸಿದರೆ 2020ರ ಹೊತ್ತಿಗೆ ಶೇಕಡಾ 20ರಿಂದ 25ರಷ್ಟು ತಗ್ಗಿಸುವುದು ಆ ಗುರಿ. ಇದರ ಜೊತೆಗೆ ಸೇರಿಸಿದ ಒಂದು ವಾಕ್ಯ ನಮಗೆ ಮುಖ್ಯ. ಬೇಸಾಯದಿಂದ ಹೊರಬೀಳುವ ಅನಿಲವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು.

2015ರ ಪ್ಯಾರಿಸ್ ಒಪ್ಪಂದಕ್ಕಾಗಿ ಈ ಗುರಿಯನ್ನು 2030ಕ್ಕೆ ಶೇಕಡಾ 33ರಿಂದ 35ಕ್ಕೆ ಏರಿಸಲಾಯಿತು. 2022ರಲ್ಲಿ ಶೇಕಡಾ 45 ಎಂದಾಯಿತು. ನಿವ್ವಳ ಅನಿಲ ಪ್ರಮಾಣವನ್ನು 2070ಕ್ಕೆ ಶೂನ್ಯಕ್ಕೆ ಇಳಿಸುವುದಾಗಿ ಪ್ರಧಾನಿ ನರೇಂದ್ರ ಮೋದಿ ಅವರು 2021ರಲ್ಲಿ ಗ್ಲಾಸ್ಗೊದಲ್ಲಿ ಪ್ರಕಟಿಸಿದರು. ಸರ್ಕಾರಗಳು ಬದಲಾದರೂ ಬೇಸಾಯದ ವಿಷಯದಲ್ಲಿ ನಿಲುವು ಬದಲಾಗಲಿಲ್ಲ. ಈ ಗುರಿಗಳು ಯಾವುದೇ ಒಂದು ವಿಭಾಗವನ್ನು ಪ್ರತ್ಯೇಕವಾಗಿ ಕಟ್ಟಿಹಾಕುವುದಿಲ್ಲ ಎಂಬ ಮಾತನ್ನು ಭಾರತ ತನ್ನ ಪ್ಯಾರಿಸ್ ಪತ್ರದಲ್ಲೂ ಬರೆದಿದೆ. 2005ರಿಂದ 2020ರವರೆಗೆ ಈ ಪ್ರಮಾಣ ಶೇಕಡಾ 36ರಷ್ಟು ತಗ್ಗಿದೆಯೆಂದು 2024ರ ಕೊನೆಯಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿದೆ. ಒಟ್ಟು ಅನಿಲ ಮಾತ್ರ ಹೆಚ್ಚುತ್ತಲೇ ಇದೆ. ಇಳಿದಿರುವುದು ಉತ್ಪತ್ತಿಗೆ ತಕ್ಕ ಪ್ರಮಾಣ ಎಂಬುದನ್ನು ಓದುಗರು ಮರೆಯಬಾರದು.

ಮೀಥೇನ್ ಪ್ರತಿಜ್ಞೆಗೆ ಸಹಿ ಏಕೆ ಹಾಕಲಿಲ್ಲ

ಗ್ಲಾಸ್ಗೊ ಸಭೆಯಲ್ಲಿಯೇ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಸೇರಿ ಮೀಥೇನ್ ಪ್ರತಿಜ್ಞೆಯೊಂದನ್ನು ಮುಂದಿಟ್ಟವು. ಪ್ರಪಂಚದ ಮೀಥೇನ್ ಪ್ರಮಾಣವನ್ನು 2020ರ ಮಟ್ಟದಿಂದ 2030ರೊಳಗೆ ಶೇಕಡಾ 30ರಷ್ಟು ಇಳಿಸುವುದು ಇದರ ಉದ್ದೇಶ. ನೂರಕ್ಕೂ ಹೆಚ್ಚು ದೇಶಗಳು ಸೇರಿದವು. ಭಾರತ ಸೇರಲಿಲ್ಲ.

ಸರ್ಕಾರ ಸಂಸತ್ತಿನಲ್ಲಿ ಇದಕ್ಕೆ ಕಾರಣ ತಿಳಿಸಿದೆ. ನಮ್ಮಲ್ಲಿ ಮೀಥೇನಿನ ಎರಡು ದೊಡ್ಡ ಮೂಲಗಳು ಜಾನುವಾರು ಮತ್ತು ಭತ್ತ. ಇವೆರಡೂ ಬಹುಪಾಲು ಸಣ್ಣ, ಅತಿ ಸಣ್ಣ ಹಿಡುವಳಿದಾರರ ಕೈಯಲ್ಲಿವೆ. ಅವರ ಜೀವನೋಪಾಯಕ್ಕೆ, ಭತ್ತದ ಉತ್ಪಾದನೆಗೆ, ಅಕ್ಕಿಯ ರಫ್ತಿಗೆ ಇದರಿಂದ ಧಕ್ಕೆ ಬರಬಹುದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ವಿಜ್ಞಾನಕ್ಕೆ ಸಂಬಂಧಿಸಿದ್ದು. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ. ಇಂಗಾಲದ ಡೈ ಆಕ್ಸೈಡ್ ನೂರಾರು ವರ್ಷ ಉಳಿಯುತ್ತದೆ. ದೀರ್ಘಕಾಲ ಉಳಿಯುವ ಅನಿಲವನ್ನು ತುಂಬಿದವರು ಯಾರೋ, ಬೇಗ ಕರಗುವ ಅನಿಲದ ಮೇಲೆ ಭಾರ ಹೊರಿಸುವುದು ಯಾರ ಮೇಲೋ ಎಂಬುದು ಭಾರತದ ಆಕ್ಷೇಪ.

ಪ್ರತಿವಾದವನ್ನೂ ಹೇಳಬೇಕು. ಮೀಥೇನ್ ಇರುವಷ್ಟು ದಿನ ಅದರ ಶಾಖಹಿಡಿತ ಬಹಳ ತೀವ್ರ. ನೂರು ವರ್ಷದ ಲೆಕ್ಕದಲ್ಲಿಯೂ ಇಂಗಾಲದ ಡೈ ಆಕ್ಸೈಡಿನ 28ರಷ್ಟು. ಬೇಗ ಇಳಿಸಬಹುದಾದ ಅನಿಲವನ್ನು ಬೇಗ ಇಳಿಸಿದರೆ ಬಿಸಿಲಿನ ಏರಿಕೆ ತಡವಾಗುತ್ತದೆ, ಅದರ ಲಾಭ ಮೊದಲು ಸಿಗುವುದು ನಮ್ಮಂಥ ಉಷ್ಣದೇಶದ ರೈತರಿಗೇ. ಈ ಮಾತಿನಲ್ಲಿ ಹುರುಳಿದೆ. ಆದರೆ ಪ್ರತಿಜ್ಞೆಗೆ ಸಹಿ ಹಾಕಿದ ಮೇಲೆ ಮುಂದಿನ ಹೆಜ್ಜೆ ಏನಾಗಬಹುದೆಂಬುದನ್ನೂ ನೋಡಬೇಕು. ಡೆನ್ಮಾರ್ಕ್ ದೇಶ 2030ರಿಂದ ಜಾನುವಾರುಗಳ ಮೀಥೇನಿಗೆ ತೆರಿಗೆ ಹಾಕಲು 2024ರಲ್ಲಿ ತೀರ್ಮಾನಿಸಿತು. ನ್ಯೂಜಿಲೆಂಡ್ ಇದೇ ಬಗೆಯ ಶುಲ್ಕವನ್ನು ಯೋಚಿಸಿ, ರೈತರ ವಿರೋಧ ಬಂದ ಮೇಲೆ ಕೈಬಿಟ್ಟಿತು. ನೂರಾರು ಹಸು ಸಾಕುವ ಅಲ್ಲಿಯ ರೈತನಿಗೇ ಭಾರವಾದದ್ದನ್ನು ಎರಡು ಹಸುವಿನ ಹಾಲನ್ನು ಡೇರಿಗೆ ಹಾಕಿ ಸಂಸಾರ ಸಾಗಿಸುವವರು ಹೊರಲಾರರು.

2023ರ ದುಬೈ ಸಭೆಯಲ್ಲಿ ಬೇಸಾಯ ಮತ್ತು ಆಹಾರವನ್ನು ಕುರಿತ ಘೋಷಣೆಗೂ ಭಾರತ ಸೇರಲಿಲ್ಲ. ಅದಕ್ಕೆ ಹಿಂದಿನ ವರ್ಷ ಈಜಿಪ್ಟಿನ ಸಭೆಯಲ್ಲಿ, ಮುಂದುವರಿದ ದೇಶಗಳು ಬೇಸಾಯದಲ್ಲಿ ಅನಿಲ ಕಡಿತಕ್ಕೇ ಒತ್ತು ಕೊಡುತ್ತಿವೆ, ರೈತ ತಾಳಿಕೊಳ್ಳುವುದಕ್ಕೆ ಬೇಕಾದ ನೆರವಿಗೆ ಕೊಡುತ್ತಿಲ್ಲ ಎಂದು ಭಾರತ ಆಕ್ಷೇಪಿಸಿತ್ತು.

ದೇಶದೊಳಗೆ ನಡೆದ ಕೆಲಸ

ಹೊರಗೆ ಹೀಗೆ ಹೇಳಿದ ಮೇಲೆ ಒಳಗೆ ತಾಳಿಕೆಯ ಕೆಲಸ ನಡೆಯಲೇಬೇಕಾಗುತ್ತದೆ. 2008ರ ಜೂನ್ ತಿಂಗಳಲ್ಲಿ ಸರ್ಕಾರ ಹವಾಗುಣ ಬದಲಾವಣೆಯ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಎಂಟು ಅಭಿಯಾನಗಳೊಂದಿಗೆ ಪ್ರಕಟಿಸಿತು. ಸೌರಶಕ್ತಿ, ನೀರು, ಸುಸ್ಥಿರ ಬೇಸಾಯ ಇವು ಅವುಗಳಲ್ಲಿ ಸೇರಿವೆ. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಗುಣ ತಾಳಿಕೆಯ ಬೇಸಾಯಕ್ಕೆಂದು ನಿಕ್ರಾ ಎಂಬ ಯೋಜನೆಯನ್ನು ಆರಂಭಿಸಿತು. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಇದರ ಕೇಂದ್ರ. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಇದರ ಹಳ್ಳಿಗಳಲ್ಲೊಂದು. ಮಳೆನೀರಿನ ಸಂಗ್ರಹ, ಬರ ತಾಳುವ ತಳಿಗಳು, ಮೇವು, ಬಾಡಿಗೆಗೆ ಯಂತ್ರೋಪಕರಣ ಕೊಡುವ ಕೇಂದ್ರ ಇವೆಲ್ಲವನ್ನೂ ಒಂದೇ ಹಳ್ಳಿಯಲ್ಲಿ ಒಟ್ಟಿಗೆ ಮಾಡಿ ತೋರಿಸುವುದು ಯೋಜನೆಯ ಕ್ರಮ.

ಇದರೊಡನೆ 650ಕ್ಕೂ ಹೆಚ್ಚು ಜಿಲ್ಲೆಗಳಿಗೆ ಆಪತ್ಕಾಲದ ಬೆಳೆ ಯೋಜನೆ ಸಿದ್ಧವಾಗಿದೆ. ಮುಂಗಾರು ಎರಡು ವಾರ, ನಾಲ್ಕು ವಾರ, ಆರು ವಾರ ತಡವಾದರೆ ಏನು ಬಿತ್ತಬೇಕು ಎಂಬುದು ಅದರಲ್ಲಿದೆ. ನಮ್ಮ ದಕ್ಷಿಣದ ಒಣಪ್ರದೇಶದಲ್ಲಿ ರಾಗಿಯನ್ನೇ ತೆಗೆದುಕೊಂಡರೆ, ಸಕಾಲದಲ್ಲಿ ಮಳೆಯಾದಾಗ ಎಂ.ಆರ್.-6ರಂಥ ದೀರ್ಘಾವಧಿ ತಳಿ, ತಡವಾದರೆ ಜಿ.ಪಿ.ಯು.-28, ಇನ್ನೂ ತಡವಾದರೆ ಜಿ.ಪಿ.ಯು.-48, ಅದೂ ಮೀರಿದರೆ ಹುರುಳಿ. ಇದು ಹಿರಿಯರಿಗೆ ಗೊತ್ತಿದ್ದ ಕ್ರಮವೇ. ಗೊತ್ತಿದ್ದರೂ ಆ ವಾರದಲ್ಲಿ ಆ ತಳಿಯ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವುದೇ ಎಂಬುದು ನಿಜವಾದ ಪ್ರಶ್ನೆ. ವಿಸ್ತರಣಾ ಕಾರ್ಯಕರ್ತರು ಈ ಯೋಜನೆಯ ಪ್ರತಿಯನ್ನು ಮೇ ತಿಂಗಳಲ್ಲಿಯೇ ತೆರೆದು ನೋಡುವುದು ಒಳ್ಳೆಯದು, ಆಗಸ್ಟಿನಲ್ಲಲ್ಲ.

2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆಯ ಲೇಪನ ಕಡ್ಡಾಯವಾಯಿತು. ಲೇಪನದಿಂದ ಸಾರಜನಕ ನಿಧಾನವಾಗಿ ಬಿಡುಗಡೆಯಾಗಿ ಪೈರಿಗೆ ಹೆಚ್ಚು ದಕ್ಕುತ್ತದೆ. ನೈಟ್ರಸ್ ಆಕ್ಸೈಡ್ ಆಗಿ ಹೋಗುವ ನಷ್ಟ ಕಡಿಮೆ.

ಸೌರ ವಿದ್ಯುತ್ತಿನಲ್ಲಿ ದೇಶ ವೇಗವಾಗಿ ಮುಂದುವರಿದಿದೆ. ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ, ತೈಲಗಳಲ್ಲದ ಮೂಲಗಳಿಂದ ಬರಬೇಕೆಂಬ 2030ರ ಗುರಿಯನ್ನು 2025ರಲ್ಲಿಯೇ ಮುಟ್ಟಲಾಯಿತು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಆ ವರ್ಷವೂ ದೇಶದಲ್ಲಿ ಉತ್ಪಾದನೆಯಾದ ವಿದ್ಯುತ್ತಿನ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಕಲ್ಲಿದ್ದಲಿನದೇ. ನಮ್ಮ ಪಾವಗಡದ ಸೌರ ಉದ್ಯಾನ 2,050 ಮೆಗಾವಾಟ್ ಸಾಮರ್ಥ್ಯದ್ದು. ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮೇಲಿಂದ ಮೇಲೆ ಬರ ಕಂಡ ಆ ಸೀಮೆಯಲ್ಲಿ ಭೂಮಿಯುಳ್ಳವರಿಗೆ ಇದು ಖಚಿತ ವರಮಾನ. ಆ ಭೂಮಿಯಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣ ಬರಲಿಲ್ಲ. ಹವಾಗುಣದ ಸಲುವಾಗಿ ಮಾಡುವ ಒಳ್ಳೆಯ ಕೆಲಸವೂ ಹಳ್ಳಿಯಲ್ಲಿ ಯಾರೋ ಒಬ್ಬರ ಕೈಯಿಂದ ಕೆಲಸ ಕಿತ್ತುಕೊಳ್ಳಬಹುದು.

ಹಣದ ಮಾತು

ಮುಂದುವರಿದ ದೇಶಗಳು 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಕೊಡುವುದಾಗಿ 2009ರಲ್ಲಿ ಒಪ್ಪಿದ್ದವು. ಆ ಮೊತ್ತ ತಲುಪಿದ್ದು ಅವರದೇ ಲೆಕ್ಕದಂತೆ 2022ರಲ್ಲಿ. 2024ರ ಬಾಕು ಸಭೆಯಲ್ಲಿ ಹಿಂದುಳಿದ ದೇಶಗಳು 1,30,000 ಕೋಟಿ ಡಾಲರ್ ಕೇಳಿದವು. 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ತೀರ್ಮಾನವಾಯಿತು. ಭಾರತದ ಪ್ರತಿನಿಧಿ ಅಲ್ಲಿಯೇ ಇದನ್ನು ವಿರೋಧಿಸಿದರು. ಈ ಬಗೆಯ ಹಣದಲ್ಲಿ ಹೆಚ್ಚಿನ ಪಾಲು ಅನಿಲ ಕಡಿತದ ಕೆಲಸಗಳಿಗೆ ಹೋಗುತ್ತದೆ. ಬರ, ನೆರೆಗಳನ್ನು ತಾಳಿಕೊಳ್ಳುವ ಕೆಲಸಕ್ಕೆ ಸಿಗುವುದು ಕಡಿಮೆ.

ಕೊಡುವವರು ಯಾರು ಎಂಬ ಈ ಪ್ರಶ್ನೆ ದೇಶದೊಳಗೂ ಬರುತ್ತದೆ. 2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಸುಮಾರು 48 ಲಕ್ಷ ಹೆಕ್ಟೇರಿನ ಬೆಳೆ ಹಾನಿಯಾಯಿತೆಂದು ರಾಜ್ಯ ಲೆಕ್ಕ ಕೊಟ್ಟಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2024ರ ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾಯಿತು. ಯಾರ ಲೆಕ್ಕ ಸರಿ ಎಂಬ ಚರ್ಚೆಗೆ ಇದು ಸ್ಥಳವಲ್ಲ. ಆಗಸ್ಟಿನಲ್ಲಿ ಒಣಗಿದ ಬೆಳೆಗೆ ಮುಂದಿನ ಬೇಸಿಗೆಯಲ್ಲಿ ಪರಿಹಾರ ಬರುವ ವ್ಯವಸ್ಥೆ, ಬರ ಅಪರೂಪವಾಗಿದ್ದ ಕಾಲಕ್ಕೆ ಮಾಡಿದ್ದು. ಬಾಕುವಿನಲ್ಲಿ ಭಾರತ ಹೇಳುವ ಮಾತಿಗೂ ತಾಲ್ಲೂಕು ಕಚೇರಿಯಲ್ಲಿ ರೈತ ಕೇಳುವ ಮಾತಿಗೂ ಹೆಚ್ಚು ಅಂತರವಿಲ್ಲ.

ಗದ್ದೆಯಲ್ಲಿ ಮಾಡಬಹುದಾದದ್ದು

ಕಟ್ಟುಪಾಡಿಲ್ಲವೆಂದ ಮಾತ್ರಕ್ಕೆ ಮೀಥೇನ್ ತಗ್ಗಿಸುವ ಕ್ರಮಗಳನ್ನು ರೈತರು ಬಿಡಬೇಕಾಗಿಲ್ಲ. ಅವುಗಳಲ್ಲಿ ಕೆಲವು ನೀರನ್ನೂ ಖರ್ಚನ್ನೂ ಉಳಿಸುತ್ತವೆ.

ಭತ್ತಕ್ಕೆ ಸದಾ ನೀರು ನಿಲ್ಲಿಸದೆ, ಆರಿಸಿ ಮತ್ತೆ ಹಾಯಿಸುವ ಪದ್ಧತಿ ಇವುಗಳಲ್ಲಿ ಸುಲಭವಾದದ್ದು. ಒಂದು ಅಡಿ ಉದ್ದದ ಪ್ಲಾಸ್ಟಿಕ್ ಕೊಳವೆಯ ಕೆಳಭಾಗಕ್ಕೆ ರಂಧ್ರ ಕೊರೆದು, ಬದುವಿನ ಹತ್ತಿರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮಣ್ಣಿನಲ್ಲಿ ಹೂಳಬೇಕು. ಒಳಗಿನ ಮಣ್ಣನ್ನು ತೆಗೆದುಹಾಕಬೇಕು. ನಾಟಿಯಾದ ಎರಡು ವಾರಗಳ ನಂತರ, ಕೊಳವೆಯಲ್ಲಿ ನೀರಿನ ಮಟ್ಟ ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಗದ್ದೆಗೆ 5 ಸೆಂಟಿಮೀಟರ್ ನೀರು ಕೊಡಬೇಕು. ಹೂ ಬಿಡುವ ಹಿಂದಿನ ಮತ್ತು ಮುಂದಿನ ಒಂದೊಂದು ವಾರ ನೀರು ಆರಬಾರದು. ಮೇಲುಗೊಬ್ಬರದ ಯೂರಿಯಾವನ್ನು ನೀರು ಹಾಯಿಸುವುದಕ್ಕೆ ಸ್ವಲ್ಪ ಮೊದಲು ಹಾಕಬೇಕು. ಇಲ್ಲವಾದರೆ ಮೀಥೇನ್ ಇಳಿದು ನೈಟ್ರಸ್ ಆಕ್ಸೈಡ್ ಏರುತ್ತದೆ. ಕಳೆ ಹೆಚ್ಚಾಗಿರುವ ಗದ್ದೆಗೂ ಚೌಳು ಭೂಮಿಗೂ ಇದು ಸರಿಹೋಗದು. ಇಳುವರಿ ಕುಂದದಂತೆ ಮೂರನೆಯ ಒಂದು ಭಾಗದವರೆಗೂ ನೀರು ಉಳಿಯುತ್ತದೆ, ಮೀಥೇನ್ ಇಳಿತ ಅರ್ಧದವರೆಗೂ ಇರುತ್ತದೆ.

ತೊಂದರೆಯನ್ನೂ ಹೇಳಬೇಕು. ನಾಲೆಯ ಅಚ್ಚುಕಟ್ಟಿನಲ್ಲಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹರಿಯುವ ಕಡೆ ಒಬ್ಬರೇ ಇದನ್ನು ಮಾಡಲಾಗದು. ಒಂದು ತೂಬಿನ ಕೆಳಗಿನವರೆಲ್ಲ ಸೇರಬೇಕು. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ ಉಚಿತವಾಗಿರುವ ರಾಜ್ಯದಲ್ಲಿ ನೀರು ಉಳಿಸಿದವನಿಗೆ ಬಿಲ್ಲಿನಲ್ಲಿ ಏನೂ ಉಳಿಯುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಂಡುಬರುವ ಕೂರಿಗೆ ಬಿತ್ತನೆಯ ಭತ್ತ ಇದಕ್ಕಿಂತ ಹೆಚ್ಚು ಆಕರ್ಷಕ. ಕೆಸರು ಮಾಡುವ, ನಾಟಿ ಮಾಡುವ ಕೂಲಿ ಕೈಯಲ್ಲಿಯೇ ಉಳಿಯುತ್ತದೆ. ಆದರೆ ಕಳೆಯ ಹತೋಟಿ ಮೊದಲಿನಿಂದಲೇ ಆಗಬೇಕು.

ಜಾನುವಾರುಗಳ ವಿಷಯದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಹರಿತಧಾರಾ ಎಂಬ ಪೂರಕ ಆಹಾರವನ್ನು ರೂಪಿಸಿದೆ. ಟ್ಯಾನಿನ್ ಎಂಬ ಒಗರು ಪದಾರ್ಥ ಹೆಚ್ಚಾಗಿರುವ ಸಸ್ಯಮೂಲಗಳಿಂದ ತಯಾರಾದ ಇದು ಮೀಥೇನನ್ನು ಶೇಕಡಾ 17ರಿಂದ 20ರಷ್ಟು ತಗ್ಗಿಸುತ್ತದೆಯೆಂದು ಸಂಸ್ಥೆ ತಿಳಿಸಿದೆ. ಮೀಥೇನ್ ಎಂದರೆ ದನ ತಿಂದ ಮೇವಿನ ಶಕ್ತಿ ಹಾಲಾಗದೆ ಗಾಳಿಗೆ ಹೋದದ್ದು. ಆದ್ದರಿಂದ ಒಣಹುಲ್ಲನ್ನಷ್ಟೇ ಹಾಕದೆ ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣಗಳನ್ನು ಹದವಾಗಿ ಕೊಟ್ಟರೂ ಒಂದು ಲೀಟರ್ ಹಾಲಿಗೆ ಬೀಳುವ ಮೀಥೇನ್ ಇಳಿಯುತ್ತದೆ.

ಕೊನೆಯದಾಗಿ ಕಾರ್ಬನ್ ಕ್ರೆಡಿಟ್ ವಿಚಾರ. ಒಂದು ಟನ್ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲ ಉಳಿಸಿದರೆ ಒಂದು ಕ್ರೆಡಿಟ್. ಬೇಸಾಯದಲ್ಲಿ ಇದರ ಮಾರುಕಟ್ಟೆಗೆ ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಒಂದು ಚೌಕಟ್ಟು ಪ್ರಕಟಿಸಿತು. ಕಂಪನಿಗಳ ಪ್ರತಿನಿಧಿಗಳು ಹಳ್ಳಿಗೆ ಬರುವುದುಂಟು. ನಮ್ಮ ಮಣ್ಣು, ಹವೆಗಳಲ್ಲಿ ಒಂದು ಎಕರೆ ಭತ್ತದ ಒಂದು ಬೆಳೆಯಿಂದ ಸಾಮಾನ್ಯವಾಗಿ ಒಂದು ಟನ್ನಿಗಿಂತ ಕಡಿಮೆಯೇ ಉಳಿತಾಯವಾಗುತ್ತದೆ. ನಮ್ಮ ಗದ್ದೆ ಮೊದಲೇ ಕಡಿಮೆ ಮೀಥೇನ್ ಬಿಡುತ್ತದೆಂದು 1991ರಲ್ಲಿ ಅಳೆದು ತೋರಿಸಿದ ಮೇಲೆ, ಅದೇ ಗದ್ದೆಯಿಂದ ಬಹಳ ಉಳಿಸಿದೆವೆಂದು ಮಾರಲು ಬಾರದು. ಆದುದರಿಂದ ಭಾರಿ ಮೊತ್ತದ ಮಾತನ್ನು ನಂಬಿ ಸಹಿ ಹಾಕಬಾರದು. ಒಪ್ಪಂದ ಕನ್ನಡದಲ್ಲಿದೆಯೇ, ಎಷ್ಟು ವರ್ಷದ್ದು, ಮಾರಿದ ಹಣದಲ್ಲಿ ರೈತನ ಪಾಲೆಷ್ಟು, ಅಳತೆಯ ಖರ್ಚು ಯಾರದು, ಒಂದು ವರ್ಷ ಮಳೆ ಹೆಚ್ಚಾಗಿ ಗದ್ದೆ ಆರದಿದ್ದರೆ ದಂಡವುಂಟೇ, ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರನಿಗೆ ಪಾಲುಂಟೇ ಎಂಬುದನ್ನು ಓದಿಸಿ ಕೇಳಿಕೊಳ್ಳಬೇಕು. ಒಪ್ಪಂದದ ಪ್ರತಿಯನ್ನು ಸಹಿಗೆ ಮೊದಲೇ ಪಡೆದು ಸಮೀಪದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಬಹುದು. ಪ್ರತಿ ಕೊಡಲು ಒಪ್ಪದವರಿಗೆ ಸಹಿಯನ್ನೂ ಕೊಡಬೇಕಾಗಿಲ್ಲ.